ಪಾರ್ಕು ಅಳೆಯಲು ಬಂದವರು ಕೂರುವವರನ್ನೂ ಎಣಿಸಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಸೆಕ್ಟರಿನ ಪಾರ್ಕಿಗೆ ಇಬ್ಬರು ಟೇಪು ಹಿಡಿದುಕೊಂಡು ಬಂದಿದ್ದರು. ಒಬ್ಬರು ಅಳೆಯೋದು, ಇನ್ನೊಬ್ಬರು ಬರೆದುಕೊಳ್ಳೋದು. ಕಾಂಪೌಂಡು ಎಷ್ಟು ಉದ್ದ, ವಾಕಿಂಗ್ ದಾರಿ ಎಷ್ಟು ಅಗಲ, ಬೆಂಚು ಎಷ್ಟು, ಲೈಟಿನ ಕಂಬ ಎಷ್ಟು, ಜಾರುಬಂಡೆ ಎಷ್ಟು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಪಾರ್ಕನ್ನು ಹೊಸದಾಗಿ ಮಾಡುತ್ತಾರಂತೆ. ಅದಕ್ಕೂ ಮುಂಚೆ ಈಗಿನ ಸ್ಥಿತಿ ಹೇಗಿದೆ ಅಂತ ಒಂದು ವರದಿ ಬೇಕಂತೆ. ಬರೆದುಕೊಳ್ಳುತ್ತಿದ್ದ ಹುಡುಗ ನನ್ನ ಹತ್ತಿರ ಐದನೇ ಇಯತ್ತೆ ಕಲಿತವನು. ಗುರುತು ಹಿಡಿದು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. “ಇಲ್ಲಿ ಯಾರ್ಯಾರು ಬಂದು ಕೂರುತ್ತಾರೆ ಅಂತ ಬರೆದುಕೊಂಡೆಯೇನಪ್ಪಾ?” ಅಂತ ಕೇಳಿದೆ. ಹಾಳೆಯ ಆ ಕಡೆ ಈ ಕಡೆ ತಿರುಗಿಸಿ ನನಗೇ ತೋರಿಸಿದ. “ಆ ಕಾಲಮ್ಮು ಇದ್ರಾಗ ಇಲ್ರೀ ಅಕ್ಕಾರ. ನೀವ ಬರದ ಕೊಡ್ರಲ್ಲ” ಅಂದ.

ಅವನು ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ವಯಸ್ಸು ಅರವತ್ನಾಲ್ಕು. ಇರೋದು ಬಾಗಲಕೋಟೆಯ ನವನಗರದಲ್ಲಿ. ಸೆಕ್ಟರ್ ನಂಬರ್ ಬರೆಯುವುದಿಲ್ಲ. ಯಾರ ಮೇಲೋ ತಪ್ಪು ಹೊರಿಸಬೇಕು ಅನ್ನೋದು ನನ್ನ ಉದ್ದೇಶವಲ್ಲ. ಮನೆಯಲ್ಲಿ ಅತ್ತೆ ಇದ್ದಾರೆ, ಎಂಬತ್ತಾರು ವರ್ಷ. ಬೇಸಿಗೆ ರಜೆಗೆ ಮೊಮ್ಮಗ ಬಂದಿದ್ದಾನೆ, ಆರು ವರ್ಷ. ದಿನಾ ಸಂಜೆ ಮೂವರೂ ಪಾರ್ಕಿಗೆ ಅಂತ ಮನೆ ಬಿಡುತ್ತೇವೆ. ಒಳಗೆ ಹೋಗೋದು ಇಬ್ಬರು. ಅತ್ತೆ ಹೊರಗೇ ಉಳಿಯುತ್ತಾರೆ.

ಯಾಕೆ ಅಂದರೆ ಗೇಟು. ದೊಡ್ಡ ಗೇಟಿಗೆ ಯಾವಾಗಲೂ ಬೀಗ. ಜನ ಹೋಗಲಿ ಅಂತ ಪಕ್ಕದಲ್ಲಿ ಒಂದು ಸಣ್ಣ ದಾರಿ ಬಿಟ್ಟಿದ್ದಾರೆ. ದನ ಬರಬಾರದು, ಬೈಕು ನುಗ್ಗಬಾರದು ಅಂತ ಅಲ್ಲಿ ಕಬ್ಬಿಣದ ಪೈಪು ಬಗ್ಗಿಸಿ ಎದುರುಬದುರು ನಿಲ್ಲಿಸಿದ್ದಾರೆ. ಒಂದು ಪೈಪನ್ನು ಸುತ್ತಿ, ಮೈ ಅಡ್ಡ ಮಾಡಿ, ಇನ್ನೊಂದರ ಸಂದಿಯಲ್ಲಿ ನುಸುಳಬೇಕು. ಅತ್ತೆ ನಡೆಯೋದು ನಾಲ್ಕು ಕಾಲಿನ ವಾಕರ್ ಹಿಡಿದುಕೊಂಡು. ನಾನು ಹೊಲಿಗೆಯ ಟೇಪು ತಗೊಂಡು ಹೋಗಿ ಅಳೆದೆ. ಸಂದಿ ಹದಿನಾರು ಇಂಚು. ವಾಕರಿನ ಕಾಲುಗಳ ಅಗಲ ಇಪ್ಪತ್ತೊಂದು ಇಂಚು. ಒಂದು ದಿನ ವಾಕರ್ ಮಡಚಿ ಮೊದಲು ಆ ಕಡೆ ದಾಟಿಸಿ, ಅತ್ತೆಯ ಎರಡೂ ಕೈ ಹಿಡಿದು ಮೆಲ್ಲಗೆ ಎಳೆದುಕೊಂಡೆ. ಪೈಪಿನ ಮೂಲೆ ಅವರ ಸೊಂಟಕ್ಕೆ ಒತ್ತಿ ಹೆಪ್ಪುಗಟ್ಟಿತು. ಎಂಟು ದಿನ ಶಾಖ ಕೊಟ್ಟೆವು. ಅವತ್ತಿನಿಂದ ಅವರು ಎದುರಿನ ಇಸ್ತ್ರಿ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಗ್ರಿಲ್ಲಿನ ಸಂದಿಯಿಂದ ಮರಿಮೊಮ್ಮಗ ಆಡೋದನ್ನು ನೋಡುತ್ತಾರೆ. “ನೀವ್ ಹೋಗ್ರಿ ಒಳಗ, ನನಗ ಇಲ್ಲೇ ಗಾಳಿ ಬರ್ತೈತಿ” ಅನ್ನುತ್ತಾರೆ.

ವರದಿಯ ಹಾಳೆಯಲ್ಲಿ ‘ಗೇಟು: 2, ಸುಸ್ಥಿತಿ’ ಅಂತ ಬರೆದಿತ್ತು. ಗೇಟು ಸುಸ್ಥಿತಿಯಲ್ಲಿರೋದು ನಿಜ. ತುಕ್ಕು ಹಿಡಿದಿಲ್ಲ, ಬಣ್ಣವೂ ಹೋಗಿಲ್ಲ.

ಅತ್ತೆ ಹುಟ್ಟಿದ್ದು, ಮದುವೆಯಾಗಿ ಬಂದಿದ್ದು, ಮಕ್ಕಳನ್ನು ಹೆತ್ತಿದ್ದು ಎಲ್ಲಾ ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರು ಬಂದಾಗ ಮನೆ ಬಿಟ್ಟು ಬಂದವರು ನಾವು. ನಮ್ಮ ಓಣಿಯ ತುದಿಯಲ್ಲಿ ಒಂದು ಬೇವಿನ ಗಿಡ, ಅದಕ್ಕೊಂದು ಕಲ್ಲಿನ ಕಟ್ಟೆ ಇತ್ತು. (ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ.) ಮಧ್ಯಾಹ್ನದ ಅಡುಗೆ ಕೆಲಸ ಮುಗಿದ ಮೇಲೆ ಹೆಣ್ಣುಮಕ್ಕಳು ಅಲ್ಲೇ. ಕಾಳು ಹಸನು ಮಾಡೋದು, ಶ್ಯಾವಿಗೆ ಹೊಸೆಯೋದು, ಕೂಸಿಗೆ ಎಣ್ಣೆ ಹಚ್ಚೋದು, ಸುಮ್ನೆ ಕೂರೋದು. ಆ ಕಟ್ಟೆಯನ್ನು ಯಾರೂ ಪಾರ್ಕು ಅಂತ ಕರೆದಿರಲಿಲ್ಲ. ಅದಕ್ಕೆ ಬೋರ್ಡು, ಉದ್ಘಾಟನೆ ಏನೂ ಇರಲಿಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆಗೂ ಆ ಕಲ್ಲು ತಂಪಾಗಿರುತ್ತಿತ್ತು. ಅಲ್ಲಿ ಕೂರೋದಕ್ಕೆ ಯಾರಿಗೂ ಅಡ್ಡಿ ಇರಲಿಲ್ಲ.

ಹೊಸ ಊರಿಗೆ ಬಂದಾಗ ಅಗಲವಾದ ರಸ್ತೆ ಸಿಕ್ಕಿತು, ಚರಂಡಿ ಸಿಕ್ಕಿತು. ಅದಕ್ಕೆ ಋಣಿಯಾಗಿದ್ದೇವೆ. ನವನಗರದ ನಕ್ಷೆ ಹಾಕಿಕೊಟ್ಟವರು ಚಾರ್ಲ್ಸ್ ಕೊರಿಯಾ ಅನ್ನೋದು ನನಗೆ ಗೊತ್ತಾಗಿದ್ದು ಈಚೆಗೆ. ನಮ್ಮಂಥ ಬಿಸಿಲಿನ ನಾಡಿನಲ್ಲಿ ಬಯಲು ಅಂದರೆ ಮನೆಯ ಇನ್ನೊಂದು ಕೋಣೆ ಇದ್ದ ಹಾಗೆ ಅಂತ ನಂಬಿದವರು ಅವರು. ಮೊದಲು ಮನೆಯ ಅಂಗಳ, ಆಮೇಲೆ ಬಾಗಿಲ ಮುಂದಿನ ಜಗಲಿ, ಆಮೇಲೆ ಓಣಿಯವರು ಸೇರುವ ಜಾಗ, ಕೊನೆಗೆ ಊರಿನ ಮೈದಾನ. ಹೀಗೆ ಒಂದರ ನಂತರ ಒಂದು ಇರಬೇಕು ಅನ್ನುತ್ತಿದ್ದರು. ಇದನ್ನು ಹೇಳಿದ್ದು ಬೆಳಗಾವಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿರುವ ನಮ್ಮ ಮೈದುನನ ಮಗಳು. ಕೇಳಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಅತ್ತೆಯ ಕಟ್ಟೆಗೆ ಆ ನಕ್ಷೆಯಲ್ಲಿ ಒಂದು ಜಾಗ ಇತ್ತು ಅಂತ ಆಯಿತಲ್ಲ.

ಹುಡುಗ ‘ನೀವೇ ಬರೆದು ಕೊಡಿ’ ಅಂದಮೇಲೆ ಸುಮ್ಮನಿರಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ಕು ತಗೊಂಡೆ. ಏಳು ದಿನ, ದಿನಕ್ಕೆ ನಾಲ್ಕು ಸಲ ಹೋದೆ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ಐದು, ರಾತ್ರಿ ಏಳೂವರೆ. ಪ್ರತಿ ಸಲ ಗೇಟಿನಿಂದ ಶುರು ಮಾಡಿ ಎಡಗಡೆಯಿಂದ ಬಲಗಡೆಗೆ ಒಂದೇ ಸಲ ಕಣ್ಣು ಹಾಯಿಸೋದು, ಕಂಡವರಿಗೆ ಒಂದೊಂದು ಗೀಟು ಎಳೆಯೋದು. ಗಂಡೋ ಹೆಣ್ಣೋ, ಮಗುವೋ ಮುದುಕರೋ, ಕೂತಿದ್ದಾರೋ ನಡೆಯುತ್ತಿದ್ದಾರೋ. ಗೀಟು ಎಳೆಯೋ ಕೆಲಸ ಮೊಮ್ಮಗನದು. ಇದು ನಾನು ಕಂಡುಹಿಡಿದ ವಿದ್ಯೆ ಏನಲ್ಲ. ಅಮೆರಿಕದಲ್ಲಿ ಸೋಪಾರ್ಕ್ ಅನ್ನೋ ಪದ್ಧತಿ ಇದೆ. 2006ರಿಂದ ಪ್ರಪಂಚದ ಹಲವು ಕಡೆ ಪಾರ್ಕುಗಳನ್ನು ಹೀಗೇ ಎಣಿಸಿ ನೋಡುತ್ತಿದ್ದಾರೆ. ಇದನ್ನೂ ಆ ಹುಡುಗಿಯೇ ಹೇಳಿಕೊಟ್ಟಳು. ಪೆನ್ನು, ಹಾಳೆ, ಒಂದಿಷ್ಟು ಹೊತ್ತು ಇದ್ದರೆ ಸಾಕು, ಕಾಸು ಖರ್ಚಿಲ್ಲ.

ಏಳು ದಿನದಲ್ಲಿ ನಾನು ಕಂಡದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಪಾರ್ಕು ತುಂಬಿರುತ್ತೆ. ನೋಡಿದರೆ ಖುಷಿಯಾಗುತ್ತೆ. ಐವತ್ತು ದಾಟಿದ ಗಂಡಸರೇ ಜಾಸ್ತಿ. ನಡೆಯುತ್ತಾರೆ, ಕೈ ಬೀಸುತ್ತಾರೆ, ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಾರೆ, ರಾಜಕೀಯ ಮಾತಾಡುತ್ತಾರೆ. ಹೆಣ್ಣುಮಕ್ಕಳೂ ಬರುತ್ತಾರೆ. ಆದರೆ ಅವರು ಇಬ್ಬಿಬ್ಬರಾಗಿ ಬಂದು, ಎರಡು ಮೂರು ಸುತ್ತು ಹಾಕಿ, ಹೊರಟುಬಿಡುತ್ತಾರೆ. ಏಳೂ ಬೆಳಿಗ್ಗೆ ಸೇರಿ ಬೆಂಚಿನ ಮೇಲೆ ಕೂತ ಹೆಂಗಸು ಅಂತ ನನ್ನ ನೋಟ್‌ಬುಕ್ಕಿನಲ್ಲಿ ಇರೋದು ಬರೀ ನಾಲ್ಕು ಗೀಟು. ಮೊದಲ ದಿನ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ವರ್ಷಗಟ್ಟಲೆ ಅಲ್ಲಿ ನಡೆದಿದ್ದೇನೆ, ಆದರೂ ಕಂಡಿರಲಿಲ್ಲ. ಗೀಟು ಎಳೆದ ಮೇಲೆ ಕಂಡಿತು.

1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಅನ್ನುವವರು ಊರೊಳಗಿನ ಸಣ್ಣ ಸಣ್ಣ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರೋದಿಲ್ಲ ಅಂತ ನೋಡಿದ್ದರು. ಅವರು ಕಂಡುಕೊಂಡದ್ದು ಎರಡು ಮಾತು. ಕೂರೋದಕ್ಕೆ ಅನುಕೂಲ ಎಲ್ಲಿದೆಯೋ ಅಲ್ಲಿ ಜನ ಕೂರುತ್ತಾರೆ. ಎರಡನೆಯದು, ಚೆನ್ನಾಗಿರುವ ಜಾಗದಲ್ಲಿ ಹೆಂಗಸರ ಪ್ರಮಾಣ ಜಾಸ್ತಿ ಇರುತ್ತೆ, ಯಾಕೆಂದರೆ ಎಲ್ಲಿ ಕೂರಬೇಕು ಅನ್ನೋದನ್ನು ಅವರು ಹೆಚ್ಚು ನೋಡಿ ಆರಿಸುತ್ತಾರೆ. ಐವತ್ತು ವರ್ಷದ ಹಿಂದೆ, ಸಮುದ್ರದ ಆಚೆ ಕಂಡ ಮಾತು. ನಮ್ಮ ಓಣಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದಳು, ಅಲ್ವಾ?

ಹಾಗಾದರೆ ನಮ್ಮ ಹೆಂಗಸರು ಯಾಕೆ ಕೂರುತ್ತಿಲ್ಲ? ಒಂದೊಂದಾಗಿ ಕೇಳುತ್ತಾ ಹೋದೆ. ಪಕ್ಕದ ಮನೆಯವರು, ಹೊಲಿಗೆ ಕಲಿಸುವವರು, ಅಂಗನವಾಡಿಗೆ ಹೋಗುವವರು. ಒಬ್ಬೊಬ್ಬರು ಒಂದೊಂದು ಹೇಳಿದರೂ ಮಾತು ಬಂದು ನಿಂತಿದ್ದು ಒಂದೇ ಕಡೆ. ಅಲ್ಲಿ ಶೌಚಾಲಯ ಇಲ್ಲ. ಒಂದಿತ್ತು, ಅದರೊಳಗೆ ಈಗ ಪೈಪು, ಬುಟ್ಟಿ, ಸುಣ್ಣದ ಚೀಲ ಇಟ್ಟು ಬೀಗ ಹಾಕಿದ್ದಾರೆ. ಗಂಡಸರಿಗೆ ಇದು ದೊಡ್ಡ ಮಾತಲ್ಲ ಅನ್ನಿಸಬಹುದು. ಸಕ್ಕರೆ ಕಾಯಿಲೆ ಇರುವ ಐವತ್ತೈದರ ಹೆಂಗಸಿಗೆ, ಮಗು ಹೊತ್ತುಕೊಂಡು ಬಂದ ತಾಯಿಗೆ, ತಿಂಗಳ ದಿನಗಳಲ್ಲಿರುವ ಹುಡುಗಿಗೆ ಅರ್ಧ ಗಂಟೆಗೆ ಮನೆ ನೆನಪಾಗುತ್ತೆ. ವರದಿಯಲ್ಲಿ ‘ಶೌಚಾಲಯ: 1’ ಅಂತ ಇತ್ತು.

ಇನ್ನು ಮಧ್ಯಾಹ್ನ. ಹತ್ತರಿಂದ ನಾಲ್ಕರವರೆಗೆ ಪಾರ್ಕಿಗೆ ಬೀಗ. ಒಳಗೆ ಸೊನ್ನೆ. ಆದರೂ ನಿಯಮ ಮಾಡಿಕೊಂಡಿದ್ದೇನಲ್ಲ ಅಂತ ಹನ್ನೆರಡೂವರೆಗೆ ಛತ್ರಿ ಹಿಡಿದು ಹೋದೆ. ಕಾಂಪೌಂಡಿನ ಹೊರಗೆ ಕಂಡದ್ದನ್ನು ಮರೆಯೋದಕ್ಕಾಗಿಲ್ಲ. ಒಳಗಿನ ಹೊಂಗೆಯ ಗಿಡಗಳ ನೆರಳು ಗೋಡೆ ದಾಟಿ ರಸ್ತೆಗೆ ಬೀಳುತ್ತೆ, ಒಂದು ಮೂರು ಅಡಿ ಅಗಲ. ಆ ಮೂರಡಿ ನೆರಳಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಸಾಲಾಗಿ ಹನ್ನೊಂದು ಜನ ಕೂತಿದ್ದರು. ಹತ್ತಿರದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬಂದ ಹೆಣ್ಣಾಳುಗಳು ರೊಟ್ಟಿ ಗಂಟು ಬಿಚ್ಚಿದ್ದರು. ಇಬ್ಬರು ಪಾರ್ಸೆಲ್ ಹಂಚುವ ಹುಡುಗರು. ತಳ್ಳುಗಾಡಿಯಲ್ಲಿ ಸೌತೆಕಾಯಿ ಮಾರುವ ಒಬ್ಬ ಅಜ್ಜ. ಕಾಲು ಚಾಚಿದರೆ ಬಿಸಿಲು ಸುಡುತ್ತೆ ಅಂತ ಎಲ್ಲರೂ ಮೊಣಕಾಲು ಮಡಚಿಕೊಂಡೇ ಊಟ ಮಾಡುತ್ತಿದ್ದರು. ಗೋಡೆಯ ಆ ಕಡೆ ಅಷ್ಟು ದೊಡ್ಡ ನೆರಳು ಖಾಲಿ ಬಿದ್ದಿತ್ತು.

ಪಾರ್ಕಿನ ನೆರಳಿಗೆ ಬೆಲೆ ಬರೋದೇ ಆ ಹೊತ್ತಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆಯ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತೆ. ಆಗ ಬೀಗ ಹಾಕಿ, ತಂಪಾದ ಮೇಲೆ ತೆಗೆದರೆ ಏನು ಬಂತು? ಪುಂಡರು ಬರುತ್ತಾರೆ, ಇಸ್ಪೀಟು ಆಡುತ್ತಾರೆ ಅನ್ನೋ ಕಾರಣ ಕೊಡುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಖಾಲಿ ಇರುವ ಜಾಗಕ್ಕೇ ಪುಂಡರು ಬರೋದು. ಹತ್ತು ಜನ ರೊಟ್ಟಿ ತಿನ್ನುತ್ತಾ ಕೂತಿರುವ ಕಡೆ ಇಸ್ಪೀಟು ಹಾಸೋದು ಕಷ್ಟ. 2024ರಲ್ಲಿ ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಆದೇಶವಾಯಿತು. ಬೆಂಗಳೂರಿನ ಬಿಸಿಲು ನಮ್ಮ ಬಿಸಿಲಿನ ಅರ್ಧವೂ ಅಲ್ಲ. ಅಲ್ಲಿ ಆಗುವುದಾದರೆ ಇಲ್ಲಿ ಮೊದಲು ಆಗಬೇಕು.

ಸಂಜೆ ಐದಕ್ಕೆ ಗೇಟು ತೆರೆದಿರುತ್ತೆ, ಜನ ಇರೋದಿಲ್ಲ. ಕಾರಣ ತಿಳಿಯೋದಕ್ಕೆ ಬೆಂಚಿನ ಮೇಲೆ ಅಂಗೈ ಇಟ್ಟು ನೋಡಿದರೆ ಸಾಕು. ನುಣ್ಣಗೆ ಪಾಲಿಶ್ ಮಾಡಿದ ಕರಿ ಗ್ರಾನೈಟ್. ದಿನವಿಡೀ ಬಿಸಿಲು ಕುಡಿದ ಕಲ್ಲು. ಐದಕ್ಕೆ ಕೈ ಇಡೋಕಾಗಲ್ಲ. ಆರೂಕಾಲಿಗೆ ಟವೆಲ್ ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕೂತೆ, ಆದರೂ ತೊಡೆಗೆ ಹೆಂಚಿನ ಕಾವು ಹತ್ತಿದ ಹಾಗೆ ಹತ್ತುತ್ತಿತ್ತು. ಅದು ಆರಬೇಕಾದರೆ ಏಳಾಗುತ್ತೆ. ಮೊಮ್ಮಗ ತಗಡಿನ ಜಾರುಬಂಡೆಯಲ್ಲಿ ಜಾರಿ, ಚಡ್ಡಿ ಮೇಲಾಗಿ, ತೊಡೆಯ ಹಿಂದೆ ಕೆಂಪಗೆ ಬರೆ ಎಳೆದ ಹಾಗೆ ಮಾಡಿಕೊಂಡು ಬಂದ. ಹಾಗಂತ ಪಾರ್ಕಿನಲ್ಲಿ ನೆರಳೇ ಇಲ್ಲ ಅಂತಲ್ಲ. ಗಿಡಗಳೆಲ್ಲಾ ಕಾಂಪೌಂಡಿನ ಬದಿಗೆ, ಬೆಂಚುಗಳೆಲ್ಲಾ ನಡುವಿನ ಹುಲ್ಲಿನ ಸುತ್ತ. ಬೆಂಚಿನಿಂದ ಹತ್ತಿರದ ನೆರಳಿಗೆ ನಾನು ಹೆಜ್ಜೆ ಎಣಿಸಿದೆ. ನಲವತ್ತಮೂರು. ನಕ್ಷೆಯಲ್ಲಿ ಬೆಂಚೂ ಇದೆ, ಗಿಡವೂ ಇದೆ. ಎರಡೂ ಒಂದೇ ಕಡೆ ಇರಬೇಕು ಅಂತ ಯಾರಿಗೂ ಹೊಳೆದಿಲ್ಲ. ಜನ ಏನು ಮಾಡುತ್ತಾರೆ ಗೊತ್ತಾ? ಬೆಂಚು ಬಿಟ್ಟು, ಹೊಂಗೆಯ ಕೆಳಗೆ ಗೋಡೆಯ ಬುನಾದಿಯ ಅಂಚು ಒಂದು ಗೇಣು ಹೊರಗೆ ಬಂದಿದೆಯಲ್ಲ, ಅದರ ಮೇಲೆ ಸಾಲಾಗಿ ಕೂರುತ್ತಾರೆ.

ಅಲ್ಲೇ ಮೂಲೆಯಲ್ಲಿ ಒಂದು ಬೇವಿನ ಗಿಡ ಇದೆ. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಅದು ನನ್ನ ಎತ್ತರ ಇತ್ತು. ಈಗ ಎರಡಂತಸ್ತಿನ ಮನೆ ದಾಟಿದೆ. ಹಿಂದಿನ ಸಲ ಪಾರ್ಕು ರಿಪೇರಿ ಮಾಡಿದಾಗ ವಾಕಿಂಗ್ ದಾರಿಯ ಸಿಮೆಂಟನ್ನು ಅದರ ಬುಡದವರೆಗೂ ತಂದು ಮೆತ್ತಿದ್ದಾರೆ. ಈಗ ಬಗ್ಗಿ ನೋಡಿದರೆ ತೊಗಟೆ ಸಿಮೆಂಟಿನ ಅಂಚಿನ ಮೇಲೆ ಊದಿಕೊಂಡು ತುಟಿಯ ಹಾಗೆ ಹೊರಗೆ ಬಂದಿದೆ. ಒಂದು ಕಡೆ ಸೀಳಿ ಅಂಟು ಇಳಿಯುತ್ತಿದೆ. ಬೆರಳು ತೂರಿಸೋಣ ಅಂದರೆ ಸಂದಿ ಇಲ್ಲ. ಮೊಮ್ಮಗ ತನ್ನ ನೀರಿನ ಬಾಟಲಿ ತೆಗೆದು ಬುಡಕ್ಕೆ ಸುರಿದ. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಸಿಮೆಂಟಿನ ಮೇಲೆ ಹರಿದು, ಇಂಟರ್‌ಲಾಕ್ ಕಲ್ಲಿನ ಮೇಲೆ ಹರಿದು, ಗಟಾರಕ್ಕೆ ಹೋಯಿತು. “ಅಜ್ಜಿ, ಗಿಡಕ್ಕ ಬಾಯಿನ ಇಲ್ಲಲ್ಲ” ಅಂದ. ದೆಹಲಿಯಲ್ಲಿ ಗಿಡಗಳ ಬುಡದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟು ಕಿತ್ತು ತೆಗೆಯಬೇಕು ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿದೆ. ನಮ್ಮ ಬೇವಿಗೆ ಒಂದು ಮೀಟರ್ ಬೇಡ, ಸದ್ಯ ಒಂದು ಗೇಣು ಬಿಡಿಸಿದರೂ ಅದು ಉಸಿರಾಡೀತು.

ಪಾರ್ಕಿನ ಮಾಲಿಗೆ ಇದೆಲ್ಲಾ ಗೊತ್ತು. ಅವರನ್ನು ಯಾರೂ ಕೇಳಿಲ್ಲ ಅಷ್ಟೇ. ಮೂರು ಪಾರ್ಕುಗಳಿಗೆ ಅವರೊಬ್ಬರೇ. ಕುರ್ಪಿ ಅವರದೇ, ಮನೆಯಿಂದ ತರುತ್ತಾರೆ. ಬೇಸಿಗೆಯಲ್ಲಿ ದಿನದ ಬಹುಪಾಲು ಹೊತ್ತು ನಡುವಿನ ಹುಲ್ಲಿಗೆ ನೀರು ಬಿಡೋದರಲ್ಲೇ ಹೋಗುತ್ತೆ. ಆ ಹುಲ್ಲಿನ ಮೇಲೆ ಕಾಲಿಡಬಾರದು ಅಂತ ಬೋರ್ಡೂ ಇದೆ. “ಈ ಹುಲ್ಲಿಗಿ ಕುಡಿಸಿದ ನೀರು ನಾಕ ವರ್ಷ ಗಿಡಕ್ಕ ಹಾಕಿದ್ದರ ಇಷ್ಟೊತ್ತಿಗೆ ನಡುವ ನೆರಳ ಆಗಿರ್ತಿತ್ರೀ ಅಕ್ಕಾರ” ಅಂದರು. ಈ ಮಾತು ನಾನು ಇಪ್ಪತ್ತು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ. ಮಳೆ ಕಮ್ಮಿ ಬೀಳುವ ಊರಿನಲ್ಲಿ ಪಾರ್ಕು ಅಂದರೆ ಮೊದಲು ನೆರಳು. ಹುಲ್ಲು ಆಮೇಲೆ.

ಬೇಗ ಹಸಿರು ಕಾಣಲಿ ಅಂತ ಒಂದು ಬದಿಗೆ ಕೋನೋಕಾರ್ಪಸ್ ಹಾಕಿದ್ದಾರೆ. ನೋಡೋದಕ್ಕೆ ದಟ್ಟವಾಗಿದೆ. ಆದರೆ ಇದೇ ಗಿಡವನ್ನು ನೆಡಬಾರದು ಅಂತ ಗುಜರಾತ್ ಸರ್ಕಾರ 2023ರಲ್ಲಿ ಹೇಳಿದೆ. ಬೇವು, ಹೊಂಗೆ, ಹುಣಸೆ, ಬನ್ನಿ, ಅತ್ತಿ ನಮ್ಮ ಮಣ್ಣಿನವು. ನಮ್ಮ ಊರಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, 2008ರಿಂದ. ಉದ್ಯಾನಗಿರಿ ಅಂತ ಹೆಸರಿಟ್ಟುಕೊಂಡ ಕ್ಯಾಂಪಸ್ಸು. ರಾಜ್ಯದ ಎಲ್ಲೆಲ್ಲಿಂದಲೋ ಮಕ್ಕಳು ಬಂದು ಅಲ್ಲಿ ಗಿಡಗಳ ವಿದ್ಯೆ ಕಲಿಯುತ್ತಾರೆ. ಒಂದು ಬ್ಯಾಚಿನ ಮಕ್ಕಳು ನಮ್ಮ ಪಾರ್ಕುಗಳಿಗೆ ಬಂದು ಯಾವ ಗಿಡ ಹೇಗಿದೆ, ಎಲ್ಲಿ ಏನು ನೆಡಬೇಕು ಅಂತ ನೋಡಿ ಹೇಳಿದರೆ ಎಷ್ಟು ಚೆನ್ನಾಗಿರುತ್ತೆ. ಬಂದರೆ ಚಹಾ, ಚುರುಮುರಿಯ ವ್ಯವಸ್ಥೆ ನನ್ನದು.

ರಾತ್ರಿ ಏಳೂವರೆಯ ಗೀಟುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂಬತ್ತು ಕಂಬದಲ್ಲಿ ನಾಲ್ಕು ಉರಿಯುತ್ತವೆ. ಉರಿಯುವ ನಾಲ್ಕರ ಕೆಳಗೆ ಮಕ್ಕಳು, ಉಳಿದ ಕಡೆ ಯಾರೂ ಇಲ್ಲ.

ಲೆಕ್ಕದ ಮಾತಿಗೆ ಬಂದರೆ ನಮ್ಮ ಸೆಕ್ಟರು ಸೋಲುವುದಿಲ್ಲ. ಮನೆಯಿಂದ ಮುನ್ನೂರು ಮೀಟರಿನೊಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಕಡೇಪಕ್ಷ ಅರ್ಧ ಹೆಕ್ಟೇರಿನ ಹಸಿರು ಜಾಗ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಹೇಳಿದೆ. ನಮ್ಮ ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ, ತಲೆಗೆ 10ರಿಂದ 12 ಚದರ ಮೀಟರ್ ಬಯಲು ಬೇಕು ಅನ್ನುತ್ತೆ. ಹಳೆಯ ಊರುಗಳಲ್ಲಿ ಇದಕ್ಕೆ ಜಾಗ ಹುಡುಕಿದರೂ ಸಿಗುವುದಿಲ್ಲ. ನಮಗೆ ನಕ್ಷೆಯಲ್ಲೇ ಬಂದಿದೆ. ನಮ್ಮ ಮನೆಯಿಂದ ಪಾರ್ಕಿಗೆ ನೂರಾ ಎಂಬತ್ತು ಹೆಜ್ಜೆ, ಅತ್ತೆಯ ವಾಕರಿನಲ್ಲಿ ಹನ್ನೆರಡು ನಿಮಿಷ. ಅಷ್ಟು ಹತ್ತಿರ ಇದ್ದೂ ಅವರಿಗೆ ಅದು ದೂರವೇ ಆಗಿದೆ. ಅದಕ್ಕೇ ಬರೀ ಚದರ ಮೀಟರಿನ ಲೆಕ್ಕ ಸಾಲದು ಅನ್ನುತ್ತಿರೋದು.

ಬ್ರಿಟನ್ನಿನಲ್ಲಿ 1996ರಿಂದ ಗ್ರೀನ್ ಫ್ಲ್ಯಾಗ್ ಅಂತ ಒಂದು ಗುರುತು ಕೊಡುತ್ತಾರೆ. ತೀರ್ಪುಗಾರರು ಪಾರ್ಕಿಗೆ ಬಂದು ನೋಡುತ್ತಾರೆ. ಎಂಟು ತಲೆಬರಹದ ಕೆಳಗೆ ಅಂಕ. ಅದರಲ್ಲಿ ಮೊದಲನೆಯದು ಏನು ಗೊತ್ತಾ? ಈ ಜಾಗ ಜನರನ್ನು ಒಳಗೆ ಬಾ ಅಂತ ಕರೆಯುವ ಹಾಗಿದೆಯಾ ಅನ್ನೋದು. ಸ್ವಚ್ಛತೆ, ಭದ್ರತೆ, ಗಿಡ, ಹಕ್ಕಿ, ಓಣಿಯ ಜನ ಕೈಜೋಡಿಸಿದ್ದಾರಾ ಅನ್ನೋದು ಎಲ್ಲಾ ಆಮೇಲೆ. ನಮ್ಮ ಹದಿನಾರು ಇಂಚಿನ ಸಂದಿ ಆ ಮೊದಲ ಪ್ರಶ್ನೆಗೇ ಏನು ಉತ್ತರ ಕೊಡುತ್ತೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ಎಷ್ಟು ವರ್ಷವಾಯಿತು. ಗಾಲಿ ಕುರ್ಚಿಯವರೂ ಬರುವ ಹಾಗೆ ಇಳಿಜಾರು ಮಾಡಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಮೇಸ್ತ್ರಿಗಳಿಗೆ ಇದು ಗೊತ್ತಿಲ್ಲದ ಲೆಕ್ಕವಲ್ಲ. ದನ ತಡೆಯೋದಕ್ಕೆ ಬೇರೆ ದಾರಿ ನೂರಿದೆ.

ಖರ್ಚು ಮಾಡಿದರೇ ಪಾರ್ಕು ಚೆನ್ನಾಗುತ್ತೆ ಅನ್ನೋದನ್ನೂ ನಾನು ಒಪ್ಪುವುದಿಲ್ಲ. ಬೆಳಗಾವಿಗೆ ಹೋದಾಗ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ನಡೆದುಬರುತ್ತೇನೆ. ಅಲ್ಲಿ ಜನ ಬರೋದು ಹಳೆಯ ದೊಡ್ಡ ಗಿಡಗಳಿಗಾಗಿ. ವಿಜಯಪುರದಲ್ಲಿ ತಂಗಿಯ ಮನೆಗೆ ಹೋದರೆ ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ, ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚುತ್ತೇವೆ. ನೆರಳು ಮತ್ತು ಕೂರುವ ಜಾಗ ಒಂದೇ ಕಡೆ ಇದ್ದರೆ ಜನ ತಾವೇ ಬರುತ್ತಾರೆ.

ಹೊಸ ಕೆಲಸದಲ್ಲಿ ಇನ್ನಷ್ಟು ವ್ಯಾಯಾಮದ ಉಪಕರಣ, ಒಂದು ಕಾರಂಜಿ, ಒಂದು ಸೆಲ್ಫಿ ಪಾಯಿಂಟ್ ಬರುತ್ತೆ ಅಂತ ಕೇಳಿದ್ದೇನೆ. ಈಗಿರುವ ಉಪಕರಣದಲ್ಲಿ ಏಳು ದಿನವೂ ಬಳಕೆಯಾಗಿದ್ದು ಎರಡು. ಯಾವ ಎರಡು ಅಂತ ನನ್ನ ಹತ್ತಿರ ಬರೆದಿದೆ, ಬೇಕಿದ್ದವರಿಗೆ ಕೊಡುತ್ತೇನೆ. ಕಾರಂಜಿ ಬೇಡ ಅನ್ನುವುದಿಲ್ಲ, ಮಕ್ಕಳಿಗೆ ಇಷ್ಟವಾಗುತ್ತೆ. ಆದರೆ ಅಂದಾಜುಪಟ್ಟಿಗೆ ಸಹಿ ಬೀಳುವ ಮುಂಚೆ ಒಂದೇ ಒಂದು ವಾರ ಎಣಿಸಿ. ಟೇಪಿನ ಜೊತೆ ಒಂದು ನೋಟ್‌ಬುಕ್ಕೂ ಬರಲಿ. ಬೆಳಿಗ್ಗೆ ಮಾತ್ರ ಬಂದು ನೋಡಿದರೆ ಆಗದು, ಮಧ್ಯಾಹ್ನವೂ ಬನ್ನಿ, ಕತ್ತಲಾದ ಮೇಲೂ ಬನ್ನಿ. ಹೆಂಗಸರನ್ನು, ಮಾಲಿಯನ್ನು, ಹೊರಗೆ ಗೋಡೆಗೆ ಒರಗಿ ರೊಟ್ಟಿ ತಿನ್ನುವವರನ್ನು ಕೇಳಿ. ಎಣಿಸಿದ್ದನ್ನು ಗೇಟಿನ ಹತ್ತಿರ ಬೋರ್ಡಿಗೆ ಹಾಕಿ. ಕೆಲಸ ಮುಗಿದು ಆರು ತಿಂಗಳಾದ ಮೇಲೆ ಮತ್ತೆ ಎಣಿಸಿ ಅದರ ಪಕ್ಕದಲ್ಲೇ ಹಾಕಿ. ಕೂತ ಹೆಂಗಸರ ಗೀಟು ನಾಲ್ಕರಿಂದ ನಲವತ್ತಾದರೆ, ಪಾರ್ಕು ಸುಧಾರಿಸಿದೆ ಅಂತ ನಾನೇ ಪೇಡೆ ಹಂಚುತ್ತೇನೆ.

ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು 1985ರದ್ದೇ ಒಂದು ಕಾಯ್ದೆ ಇದೆ. ಊರಿನಲ್ಲಿ ಇಂಥ ಜಾಗ ಎಲ್ಲೆಲ್ಲಿವೆ ಅಂತ ಪಟ್ಟಿ ಮಾಡಬೇಕು ಅಂತ ಅದು ಹೇಳುತ್ತೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅಂದರೆ ಜಾಗ ಉಳಿಸಿಕೊಳ್ಳೋದಕ್ಕೆ ಕಾನೂನಿನ ಬಲ ಇದೆ. ಉಳಿದ ಜಾಗದೊಳಗೆ ಯಾರು ಕೂರುತ್ತಾರೆ ಅನ್ನೋದನ್ನು ನಾವೇ, ಅಲ್ಲಿ ಓಡಾಡುವವರೇ, ಕಣ್ಣಿಟ್ಟು ನೋಡಬೇಕು. ಬೇರೆ ಸೆಕ್ಟರಿನವರೂ, ಹಳೇ ಊರಿನವರೂ, ವಿದ್ಯಾಗಿರಿಯವರೂ ತಮ್ಮ ತಮ್ಮ ಪಾರ್ಕಿನಲ್ಲಿ ಒಂದು ವಾರ ಗೀಟು ಎಳೆದು ನೋಡಲಿ ಅಂತ ಕೇಳಿಕೊಳ್ಳುತ್ತೇನೆ. ಶಾಲಾ ಮಕ್ಕಳಿಗೆ ಇದು ಒಳ್ಳೆಯ ಗಣಿತವೂ ಹೌದು.

ದೊಡ್ಡ ಕೆಲಸಕ್ಕೆ ಟೆಂಡರ್ ಆಗಬೇಕು, ಸಮಯ ಹಿಡಿಯುತ್ತೆ, ನನಗೆ ಅರ್ಥವಾಗುತ್ತೆ. ಆದರೆ ಆ ಒಂದು ಪೈಪು ಕೊಯ್ದು ಅರ್ಧ ಅಡಿ ಆಚೆ ಹಾಕೋದು ಒಬ್ಬ ವೆಲ್ಡಿಂಗ್‌ನವನಿಗೆ ಒಂದು ಮುಂಜಾನೆಯ ಕೆಲಸ. ಅದಕ್ಕೆ ಅನುಮತಿ ಕೇಳಿ ಅರ್ಜಿ ಕೊಟ್ಟು ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಖರ್ಚು ನಾವು ಓಣಿಯವರೇ ಹಾಕಿಕೊಳ್ಳುತ್ತೇವೆ ಅಂತಲೂ ಬರೆದಿದ್ದೇನೆ. ಮೊಮ್ಮಗನ ರಜೆ ಮುಗಿಯುವುದರೊಳಗೆ ಅದಾದರೆ, ಅತ್ತೆ ಒಂದು ಸಂಜೆಯಾದರೂ ಒಳಗೆ ಬಂದು ಆ ಬೇವಿನ ಕೆಳಗೆ ಕೂರುತ್ತಾರೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ
ನವನಗರ, ಬಾಗಲಕೋಟೆ